ಹಗ್ಗಕ್ಕೆ ತಾಗದ ಕೊಂಬೆ

"ಮಾವ, ಅಳಿಲು ಬಂದಿವೆ ಮಾವ, ದಿನಾ ಬಂದಿವೆ!" ಮರಕ್ಕೆ ಕಟ್ಟಿದ್ದ ಕ್ಯಾಮೆರಾ ಬಿಚ್ಚಿ ಹಿಡಿದುಕೊಂಡು ಸೊಸೆ ರಸ್ತೆಬದಿಯಲ್ಲೇ ಕುಣಿದುಬಿಟ್ಟಳು.

ಹೆದ್ದಾರಿ ಕಾಡನ್ನು ಎರಡು ಹೋಳು ಮಾಡಿತ್ತು. ಈಚೆಯ ಹೋಳಿನಲ್ಲಿ ಉಳಿದದ್ದು ಹನ್ನೊಂದೇ ಕಾಡಳಿಲು, ಎಲ್ಲವೂ ಒಂದೇ ತಾಯಿಯ ಬಳಗ. ಹೊಸ ರಕ್ತವಿಲ್ಲದೆ, ಹುಟ್ಟಿದ ಮರಿಗಳು ಕಣ್ಣು ಬಿಡುವ ಮೊದಲೇ ಸಾಯುತ್ತಿದ್ದವು. ಅಳಿಲುಗಳನ್ನೇ ಅಭ್ಯಾಸ ಮಾಡುವ ಸೊಸೆ ಅರಣ್ಯ ಕಚೇರಿಯವರನ್ನು ಕಾಡಿ ಬೇಡಿ, ಎರಡು ಕಂಬ ನೆಡಿಸಿ, ರಸ್ತೆಯ ಮೇಲೆ ಹಗ್ಗದ ಸೇತುವೆ ಕಟ್ಟಿಸಿದ್ದಳು. ವರ್ಷವಾದರೂ ಒಂದೂ ದಾಟಿರಲಿಲ್ಲ. ಅದಕ್ಕೇ ಇವತ್ತು ನಾಲ್ಕು ಗಂಟೆಗೆ ಅದನ್ನು ಬಿಚ್ಚಲು ಕಚೇರಿಯ ಲಾರಿ ಬರುವುದಿತ್ತು.

ಚಿತ್ರಗಳಲ್ಲಿ ಅಳಿಲು ಕೊಂಬೆಯ ತುದಿಯವರೆಗೆ ಬಂದು, ಹಗ್ಗವನ್ನೇ ನೋಡಿ, ಹಿಂದಿರುಗಿತ್ತು. ಆಚೆ ಬದಿಯಲ್ಲೂ ಅದೇ ಕಥೆ. ಕೊಂಬೆಯೇ ಮೊಟಕು, ಎಷ್ಟು ಹಾರಿದರೂ ಹಗ್ಗ ಎಟುಕುವಂತಿರಲಿಲ್ಲ.

"ಈ ಕೊಂಬೆ ಕಡಿದೋರು ಯಾರು?"

"ಇನ್ಯಾರು, ನಾನೇ," ಎಂದರು ಮಾವ ಹೆಮ್ಮೆಯಿಂದ. ಮೂವತ್ತೈದು ವರ್ಷ ಲೈನ್‌ಮನ್ ಆಗಿದ್ದವರು. ನಿವೃತ್ತರಾದ ಮೇಲೆ ಸೊಸೆಯ ಹಗ್ಗ ನೋಡಿಕೊಳ್ಳುವ ಕೆಲಸ ತಾವಾಗಿಯೇ ಹೊತ್ತಿದ್ದರು. "ತಿಂಗಳಿಗೊಂದ್ಸಲ ಸವರ್ತೀನಿ. ಒಂದು ಎಲೆ ತಾಗಲಿ ನೋಡೋಣ."

"ಮಾವ, ಇದರಲ್ಲಿ ಕರೆಂಟ್ ಇಲ್ಲ."

ಮಾವ ಹಣೆ ಚಚ್ಚಿಕೊಂಡರು. "ನನ್ನ ಬುದ್ಧಿಗಿಷ್ಟು. ಏಣಿ ಹಿಡ್ಕೊಳ್ಳಮ್ಮ."

ತಾವೇ ಕಡಿದು ಬಿಸಾಡಿದ್ದ ಕೊಂಬೆಗಳನ್ನು ಎಳೆದು ತಂದು, ಎರಡೂ ಬದಿಯಲ್ಲಿ ಮರದಿಂದ ಹಗ್ಗಕ್ಕೆ ಸೇರಿಸಿ ಬಿಗಿದರು. ಊಟದ ನೆನಪೂ ಇಬ್ಬರಿಗಿರಲಿಲ್ಲ. ಪೊದೆಯ ಹಿಂದೆ ಕೂತು ಕಾದರು. ನಾಲ್ಕಕ್ಕೆ ಸರಿಯಾಗಿ ಲಾರಿ ಬಂದು ನಿಂತಿತು.

"ಬಿಚ್ಚೋದು ಇದನ್ನೇನಾ?" ಎಂದ ಚಾಲಕ.

"ಶ್," ಎಂದರು ಮಾವ, ಅವನ ತೋಳು ಹಿಡಿದೆಳೆದು ಕೂರಿಸುತ್ತ.

ಆಚೆಯ ಕೊಂಬೆಯಿಂದ ಅಳಿಲೊಂದು ಹಗ್ಗಕ್ಕೆ ಇಳಿದಿತ್ತು. ಎರಡು ಹೆಜ್ಜೆ, ನಿಂತಿತು. ಕೆಳಗೆ ಬಸ್ಸೊಂದು ಭರ್ರೆಂದು ಹೋಯಿತು. ಮರುಕ್ಷಣ ಅಳಿಲು ಬಾಲವೆತ್ತಿ ಒಂದೇ ಓಟಕ್ಕೆ ಈಚೆಗೆ ಬಂದು ಎಲೆಗಳಲ್ಲಿ ಮರೆಯಾಯಿತು. ಲಾರಿ ಚಾಲಕನೇ ಮೊದಲು ಚಪ್ಪಾಳೆ ತಟ್ಟಿದ. ಸೊಸೆ ನಗುತ್ತಿದ್ದಳು, ಕಣ್ಣಲ್ಲಿ ನೀರು.

"ಗಂಡೋ, ಹೆಣ್ಣೋ?"

"ಗಂಡು, ಮಾವ."

"ಹಾಗಾದ್ರೆ ಮನೆಗೆ ಅಳಿಯ ಬಂದ ಅನ್ನು."

ಗಾಳಿಗೆ ಕೊಂಬೆಯ ಎಲೆಗಳು ಹಗ್ಗವನ್ನು ಸವರಿದವು. ಮಾವನ ಕೈ ತನ್ನಷ್ಟಕ್ಕೆ ಸೊಂಟದ ಗರಗಸದತ್ತ ಹೋಗಿ, ಅಲ್ಲೇ ನಿಂತಿತು. ಅವರು ಗರಗಸ ಬಿಚ್ಚಿ ಸೊಸೆಗೆ ಕೊಟ್ಟರು.

"ಇದನ್ನ ಎಲ್ಲಾದ್ರೂ ಬಚ್ಚಿಡಮ್ಮ. ವರ್ಷವೆಲ್ಲ ಅಳಿಯನ್ನ ಬಾಗಿಲಿಂದಲೇ ವಾಪಸ್ ಕಳಿಸಿದ ಕೈ ಇದು."