ಕುವೈತಿನ ಸಿಗಾರು

ಹೆಬ್ಬೆರಳಿನಷ್ಟು ದಪ್ಪನೆಯ ಸಿಗಾರನ್ನು ಅಹಮದಸಾಬರು ತಾವೇ ಹೊತ್ತಿಸಿ ಮುಂದೆ ಹಿಡಿದಾಗ, ಹೆಣ್ಣು ನೋಡಲು ಬಂದ ಶೇಖಾವಲಿಗೆ ಕೂತ ಕುರ್ಚಿಯೇ ಬೋನಾಯಿತು. ಬೀಡಿ ಸೇದುವವನಿಗೆ ಮಗಳನ್ನು ಕೊಡುವುದಿಲ್ಲವೆಂದು ಅವರು ಮೊದಲೇ ಹೇಳಿ ಕಳಿಸಿದ್ದರು. ದಿನಕ್ಕೆರಡು ಕಟ್ಟು ಸುಡುವ ಶೇಖಾವಲಿ, ಕೊಟ್ಟೂರಿನ ಗ್ಯಾರೇಜಿನಿಂದ ಹಡಗಲಿಯವರೆಗೂ ಏಲಕ್ಕಿ ಅಗಿಯುತ್ತಲೇ ಬಂದಿದ್ದ.

"ನಾ ಬೀಡಿ ಸೈತ ಮುಟ್ಟಿಲ್ರಿ ಚಾಚಾ."

"ಇದು ಬೀಡಿ ಅಲ್ರಿ. ತಮ್ಮ ಕುವೈತಿನಿಂದ ಕಳಿಸ್ಯಾನ, ಬಾಳ ತುಟ್ಟೀದು. ಸುಮ್ನ ರುಚಿ ನೋಡ್ರಿ."

ಎಳೆದ. ಬೆಲ್ಲದ ಪಾಕ ಸೀದಂಥ, ಹೊಸ ತೊಗಲಿನಂಥ ಘಮ ನಾಲಿಗೆಯ ತುಂಬ ಹರಡಿತು. ಇನ್ನೊಂದು ದಮ್ಮಿಗೆ ಜೀವ ಒದ್ದಾಡಿದರೂ, ಮೊದಲ ಸಲ ಕದ್ದು ಸೇದಿದವರಂತೆ ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದ. ಪರದೆಯ ಹಿಂದೆ ಹುಡುಗಿ ನಜಮುನ್ನೀಸಾ ಕಿಸಕ್ಕನೆ ನಕ್ಕಳು.

"ಪಾಪ, ಸಾಕು ಬಿಡ್ರಿ, ಚಾ ಕುಡೀರಿ," ಎಂದು ಅಹಮದಸಾಬರು ಕಪ್ಪು ಬಸಿ ಕೊಟ್ಟರು.

ಗೆದ್ದ ಖುಷಿಯಲ್ಲಿ ಶೇಖಾವಲಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ. ಅಹಮದಸಾಬರು ಅವನ ಕಿವಿಯನ್ನೇ ನೋಡುತ್ತಿದ್ದರು. ಅವನ ಬೆರಳುಗಳು ಅವನನ್ನು ಕೇಳದೆಯೇ ಸಿಗಾರನ್ನು ಕುರ್ಚಿಯ ಕಾಲಿಗೆ ಉಜ್ಜಿ ಆರಿಸಿ, ಉಳಿದ ತುಂಡನ್ನು ಕಿವಿಯ ಮೇಲೆ ಸಿಕ್ಕಿಸಿಬಿಟ್ಟಿದ್ದವು.

"ಕೆಮ್ಮು ಹೊಸಾದು ಐತಲೇ ಬೇಟಾ," ಎಂದರು ಅಹಮದಸಾಬರು, "ಕಿವಿ ಮಾತ್ರ ಹಳೇ ಗಿರಾಕಿ."