ಹೊಂದದ ರಕ್ತ

ಕಾರಿನಲ್ಲಿ ಸುಟ್ಟು ಕರಕಲಾಗಿದ್ದ ಶವದ ಡಿಎನ್‌ಎ ಕಲ್ಯಾಣಪ್ಪನ ರಕ್ತಕ್ಕೆ ಹೊಂದಲಿಲ್ಲ. ಕಲಬುರಗಿಯ ಠಾಣೆಯಲ್ಲಿ ಪಿಎಸ್‌ಐ ಶೀಲಾ ವರದಿ ಓದಿ ಹೇಳಿದಾಗ ಅವನು ಕುರ್ಚಿಯಿಂದ ಎದ್ದು ಕೈಮುಗಿದ.

"ಅಂದ್ರ ನನ್ನ ಮಗ ಅದಾನ್ರಿ ಮೇಡಂ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ವಿದ್ಯಾವತಿ ತಲೆ ಎತ್ತಲಿಲ್ಲ.

ಕಮಲಾಪುರದಲ್ಲಿ ಬಾಳೆಹಣ್ಣಿನ ವ್ಯಾಪಾರ ಮಾಡುವ ಕಲ್ಯಾಣಪ್ಪನಿಗೆ ಮೌನೇಶ ಒಬ್ಬನೇ ಮಗ. ಹುಮನಾಬಾದ್ ರಸ್ತೆಯಲ್ಲಿ ಕಾರು ಹೊತ್ತಿ ಉರಿದ ದಿನದಿಂದ ಅವನ ಸುಳಿವಿರಲಿಲ್ಲ. ಕಾರು ಅವನದೇ. ಆದರೆ ಕೇಳಿದ ಗೆಳೆಯರಿಗೆಲ್ಲ ಕೊಡುತ್ತಿದ್ದ. ಯಾರೋ ಒಯ್ದಿರಬೇಕು, ಸುದ್ದಿ ಕೇಳಿ ಹೆದರಿ ಮಗ ಎಲ್ಲೋ ಅಡಗಿರಬೇಕು ಎಂದೇ ಕಲ್ಯಾಣಪ್ಪ ಮೊದಲಿನಿಂದ ನಂಬಿದ್ದ. ಆಗ ವಿದ್ಯಾವತಿ ಎಚ್ಚರ ತಪ್ಪಿ ಮಲಗಿದ್ದರಿಂದ ಪೊಲೀಸರು ಅವನೊಬ್ಬನ ರಕ್ತ ತೆಗೆಸಿದ್ದರು. ಈಗ ನಂಬಿಕೆಗೆ ಸರ್ಕಾರದ ಮುದ್ರೆಯೇ ಬಿದ್ದಿತ್ತು. ಠಾಣೆಯಿಂದ ನೇರ ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿದ. ಊರಿಗೆ ಹೋಗುವ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಪ್ರಸಾದ ಹಂಚಿದ.

ಆ ಪ್ರಸಾದವನ್ನು ವಿದ್ಯಾವತಿ ತಿನ್ನದೆ ಸೆರಗಿಗೆ ಕಟ್ಟಿಕೊಂಡಳು. ಮದುವೆಯಾಗಿ ಬಹಳ ದಿನ ಅವಳಿಗೆ ಮಕ್ಕಳಾಗಿರಲಿಲ್ಲ. ದೋಷ ಕಲ್ಯಾಣಪ್ಪನದೆಂದು ಹೈದರಾಬಾದಿನ ಡಾಕ್ಟರು ಅತ್ತೆ-ಸೊಸೆಗಷ್ಟೇ ಹೇಳಿದಾಗ, ಅತ್ತೆಯೇ ಮುಂದೆ ನಿಂತು ಗುರುತಿಲ್ಲದವರೊಬ್ಬರ ವೀರ್ಯದಿಂದ ಸೊಸೆ ಬಸಿರಾಗುವಂತೆ ಮಾಡಿಸಿದ್ದಳು. ತನ್ನ ಮಗ ಕಲ್ಯಾಣಪ್ಪನಿಗೆ ಎಂದೂ ತಿಳಿಸಕೂಡದೆಂದು ಆಣೆ ಹಾಕಿಸಿಕೊಂಡಿದ್ದಳು. ಅತ್ತೆ ತೀರಿಹೋಗಿದ್ದಳು. ಇನ್ನು ಆ ಮಾತಿಗೆ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ.

ಯಾರೂ ಮುಂದೆ ಬರದಿದ್ದರೆ ಶವವನ್ನು ಅನಾಥವೆಂದು ಹೂಳುತ್ತೇವೆ ಎಂದು ಪಿಎಸ್‌ಐ ಹೇಳಿದ್ದು ಅವಳ ಕಿವಿಯಲ್ಲೇ ಇತ್ತು. ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಮತ್ತೆ ಕಲಬುರಗಿಗೆ ಬಂದಳು.

"ನನ್ನ ರಕ್ತ ತಗೊಳ್ರಿ," ಎಂದಳು.

ತಂದೆಯದು ಹೊಂದಿಲ್ಲವಲ್ಲ, ಇನ್ನೇಕೆ ಎಂದು ಶೀಲಾ ಕೇಳಿದಳು. ವಿದ್ಯಾವತಿ ಕಣ್ಣೊರೆಸಿಕೊಂಡಳು. ಶೀಲಾ ಮತ್ತೇನೂ ಕೇಳದೆ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮಾಡಿದಳು.

ವಾರಗಳ ಮೇಲೆ ಫೋನ್ ಬಂತು. ಶವ ಅವಳ ಮಗನದೇ.

ಅಂದು ಕಲ್ಯಾಣಪ್ಪ ಊಟಕ್ಕೆ ಕೂತಿದ್ದ. ಅವನ ಕೈ ತೊಳೆಸಿ, ಎದುರಿಗೆ ಕೂತು, ಅವಳು ಎಲ್ಲವನ್ನೂ ಹೇಳಿದಳು. ಹೊಡೆದಾನು, ಯಾರಿಗೆ ಬಸಿರಾಗಿದ್ದೆ ಎಂದು ಜಾಡಿಸಿ ಕೇಳಿಯಾನು ಎಂದುಕೊಂಡಿದ್ದಳು. ಅದಕ್ಕೂ ಸಿದ್ಧಳಾಗಿದ್ದಳು. ಅವನು ಅದೇನನ್ನೂ ಕೇಳಲಿಲ್ಲ. ಮೆಲ್ಲಗೆ ಅಂದ:

"ಸತ್ತಾಂವ ನಿನ್ನ ಮಗ ಇರಬೇಕು. ನನ್ನ ಮಗ ಅಲ್ಲಂತ ಸರ್ಕಾರದವ್ರ ಬರದು ಕೊಟ್ಟಾರ. ನನ್ನ ಮೌನೇಶ ಬರ್ತಾನ."

"ಮಣ್ಣು ಮಾಡಾಕರ ಬರ್ರಿ," ಎಂದಳು ವಿದ್ಯಾವತಿ. "ಅಂವ ನಿಮ್ಮ ಎದಿ ಮ್ಯಾಲೇ ಮಲಗಿ ಬೆಳದಾಂವ್ರಿ."

ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮರುದಿನ ಅವಳು ತಮ್ಮ ದೌಲಪ್ಪನನ್ನು ಕರೆದುಕೊಂಡು ಹೋಗಿ ಶವ ಬಿಡಿಸಿಕೊಂಡಳು. ಆಂಬುಲೆನ್ಸಿನಲ್ಲಿ ಬಿಳಿ ಬಟ್ಟೆಯ ಗಂಟು ಅಲುಗಾಡದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಳು. ಕಮಲಾಪುರದ ಬಸ್‌ಸ್ಟ್ಯಾಂಡಿನ ಬಳಿ ಗಾಡಿ ನಿಧಾನವಾಯಿತು. ಕಲಬುರಗಿ ಕಡೆಯಿಂದ ಬರುವ ಗಾಡಿಗಳನ್ನೆಲ್ಲ ಒಬ್ಬ ಕೈ ಮಾಡಿ ನಿಲ್ಲಿಸುತ್ತಿದ್ದ. ಆಂಬುಲೆನ್ಸಿನ ಕಿಟಕಿಗೂ ಬಂದು, ಮೊಬೈಲಿನಲ್ಲಿದ್ದ ಫೋಟೋವನ್ನು ಡ್ರೈವರನ ಮುಖಕ್ಕೆ ಹಿಡಿದ.

"ಈ ಹುಡುಗನ್ನ ಎಲ್ಲೆರ ನೋಡೀರೇನ್ರಿ?" ಎಂದು ಕಲ್ಯಾಣಪ್ಪ ಕೇಳಿದ.