ಈರುಳ್ಳಿಯ ತಿರುಳು

ವನಜಮ್ಮ ಬಚ್ಚಲಿನ ಹಂಡೆ ಒಲೆಯ ಕೆಂಡದಿಂದ ಸುಟ್ಟ ಈರುಳ್ಳಿಯನ್ನು ಇಕ್ಕಳದಲ್ಲಿ ಈಚೆಗೆಳೆಯುವುದಕ್ಕೂ ಗಂಡ ಕದರಯ್ಯ ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಶೆಟ್ಟಿಹಳ್ಳಿಯ ಆ ವಠಾರಕ್ಕೆ ಮೊದಲು ಗ್ಯಾಸ್ ಒಲೆ ತಂದವನು ಅವನೇ. ಎಲ್ಲರೆದುರು ಹಚ್ಚಿ ತೋರಿಸಿ, ಇನ್ನು ಅಡುಗೆಗೆ ಸೌದೆ ಮುಟ್ಟಕೂಡದು ಎಂದು ಅಪ್ಪಣೆ ಮಾಡಿ ಇನ್ನೂ ವಾರವಾಗಿರಲಿಲ್ಲ.

“ಬಚ್ಚಲಲ್ಲಿ ಅಡುಗೆ ಮಾಡ್ತಾರೇನೇ?”

“ಕೋಳಿ ಗ್ಯಾಸ್ ಮೇಲೇ ಬೇಯ್ತಾ ಐತೆ ಕಣ್ರೀ. ಈರುಳ್ಳಿ ಕೆಂಡದಲ್ಲಿ ಸುಡದಿದ್ರೆ ಅತ್ತೆ ಮಾಡ್ತಿದ್ದ ಸಾರಾಗಕಿಲ್ಲ,” ಎಂದಳು ವನಜಮ್ಮ, ತಲೆ ಎತ್ತದೆ.

ಅತ್ತೆ ಪುಟ್ಟಗಂಗಮ್ಮ ತಮ್ಮ ಹಳ್ಳಿ ಊರ್ಡಿಗೆರೆಯಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಕೋಳಿ ಮಾಡುತ್ತಿರುವುದು ಇದೇ ಮೊದಲು. ಅವರಿಂದಲೇ ಕಲಿತ ಅಡುಗೆ. ಒಂದು ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ಅತ್ತೆ ಒರಳಿಗೆ ಹಾಕುತ್ತಿದ್ದ ಈರುಳ್ಳಿಗೆ ನಡುವಿನ ತಿರುಳೇ ಇರುತ್ತಿರಲಿಲ್ಲ. ಕೇಳಿದರೆ, “ಅದು ಸಾರಿಗಲ್ಲ ಬುಡವ್ವ” ಎನ್ನುತ್ತಿದ್ದರು.

ಕದರಯ್ಯ ಆಫೀಸಿನ ಚೀಲವನ್ನು ಹೊಸ್ತಿಲ ಮೇಲಿಟ್ಟು ಅವಳೆದುರು ಕುಕ್ಕರುಗಾಲಲ್ಲಿ ಕೂತ. ಬೆರಳುಗಳನ್ನು ಉಫ್ ಉಫ್ ಎಂದು ಊದಿಕೊಳ್ಳುತ್ತ ಕರಿಹಿಡಿದ ಸಿಪ್ಪೆ ಸುಲಿದ. ನಡುವಿನ ತಿರುಳು ಹಬೆಯಾಡುತ್ತ ಅಂಗೈಗೆ ಜಾರಿತು. ಅದನ್ನು ಬಾಯಿಗೆ ಹಾಕಿಕೊಳ್ಳದೆ ಕೈಯನ್ನು ಅವಳ ಮುಂದೆ ಚಾಚಿದ.

“ಒಂಚೂರು ಉಪ್ಪು ಹಾಕಿ ನಿಂಬೆಹಣ್ಣು ಹಿಂಡೇ. ಸಾರು ಆಗೋಗಂಟ ಅವ್ವ ಇದನ್ನೇ ಕೊಡೋಳು.”

ಸಾರಿಗೆಂದು ಕೊಯ್ದಿಟ್ಟಿದ್ದ ನಿಂಬೆಹೋಳನ್ನೂ ಚಿಟಿಕೆ ಉಪ್ಪನ್ನೂ ವನಜಮ್ಮ ಒಳಗಿನಿಂದ ತಂದು, ಉಪ್ಪು ಉದುರಿಸಿ ನಿಂಬೆ ಹಿಂಡುವವರೆಗೂ ಅವನು ಸುಡುತ್ತಿದ್ದ ಆ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.